ಕೆಂಪು ಎಂದರೆ ಯಾವ ಕೆಂಪು? ಮಕ್ಕಳ ಬರಹಕ್ಕೆ ಬಣ್ಣದ ಮಾತು ತರುವ ಬಗೆ

ಮೂರನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ ಮಕ್ಕಳು ಬರೆದ ಪ್ರಬಂಧಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಒಂದು ಸಂಗತಿ ಬೇಗನೆ ಕಣ್ಣಿಗೆ ಬೀಳುತ್ತದೆ. ಎಲ್ಲರ ಹಸುವೂ ಬಿಳಿ, ಎಲ್ಲರ ಮರವೂ ಹಸಿರು, ಎಲ್ಲರ ಆಕಾಶವೂ ನೀಲಿ. ಬೀದರಿನ ಮಗು ಬರೆದರೂ ಹೀಗೆಯೇ, ಪುತ್ತೂರಿನ ಮಗು ಬರೆದರೂ ಹೀಗೆಯೇ. ಆದರೆ ಬೀದರಿನ ಕಡೆಯ ದೇವಣಿ ಹಸುವಿನ ಬಿಳಿಯ ಮೈಮೇಲೆ ಕಪ್ಪು ಮಚ್ಚೆಗಳಿರುತ್ತವೆ. ಮಲೆನಾಡು ಗಿಡ್ಡದ ಮೈ ಕಪ್ಪೋ ಕಂದೋ ಆಗಿರುತ್ತದೆ. ಹಳೆ ಮೈಸೂರಿನ ಹಳ್ಳಿಕಾರ್ ಎತ್ತು ಬೂದು ಬಣ್ಣದ್ದು, ಹೆಗಲು ಮತ್ತು ಹಿಂಗಾಲುಗಳ ಕಡೆಗೆ ಆ ಬೂದು ಕಪ್ಪಿಗೆ ತಿರುಗಿರುತ್ತದೆ. ಹಟ್ಟಿಯಲ್ಲಿ ಕಟ್ಟಿದ ಹಸುವಿಗೆ ಕೆಂಪಿ ಎಂದೂ ಕಪಿಲೆ ಎಂದೂ, ಅಂಗಳದ ನಾಯಿಗೆ ಕರಿಯ ಎಂದೂ ಕೆಂಚ ಎಂದೂ ಬಣ್ಣ ನೋಡಿಯೇ ಹೆಸರಿಟ್ಟ ಮನೆಯ ಮಗು ಪ್ರಬಂಧಕ್ಕೆ ಕುಳಿತ ಕೂಡಲೇ ಬಿಳಿಯ ಹಸುವನ್ನು ಬರೆಯುತ್ತದೆ ಎಂದರೆ, ಆ ಬಿಳಿ ಹಟ್ಟಿಯಿಂದ ಬಂದದ್ದಲ್ಲ, ತರಗತಿಯ ಗೋಡೆಗೆ ತೂಗುಹಾಕಿದ ಚಿತ್ರಪಟದಿಂದ ಬಂದದ್ದು.

ಹಾಗಾಗಿ ಮಕ್ಕಳಿಗೆ ಬಣ್ಣದ ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಮಗು ಮೊದಲು ನೋಡಬೇಕು. ನೋಡಿದ್ದನ್ನು ಹೇಳಲು ಕನ್ನಡದಲ್ಲಿ ಈಗಾಗಲೇ ಇರುವ ಸಲಕರಣೆಗಳು ಅದರ ಕೈಗೆ ಸಿಗಬೇಕು. ಪ್ರಾಥಮಿಕ ಶಾಲೆಯಲ್ಲಿ ಹಲವು ವರ್ಷ ಕನ್ನಡ ಕಲಿಸಿದ ಅನುಭವದಿಂದ, ಎಂಟರಿಂದ ಹನ್ನೆರಡು ವರ್ಷದ ಮಕ್ಕಳ ತಂದೆತಾಯಿಗಳಿಗೂ ಶಿಕ್ಷಕರಿಗೂ ಉಪಯೋಗವಾಗಬಹುದಾದ ಕ್ರಮವೊಂದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಮಾಡಬೇಕಾದ ಕೆಲಸ ಚಿಕ್ಕದು. ಮಗುವಿನ ಬರಹದಲ್ಲಿ "ಬಣ್ಣಬಣ್ಣದ" ಎಂಬ ಪದ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿ ಅದರ ಕೆಳಗೆ ಗೆರೆ ಎಳೆಯಿರಿ. ಜಾತ್ರೆಯಲ್ಲಿ ಬಣ್ಣಬಣ್ಣದ ಬಳೆಗಳು, ತೋಟದಲ್ಲಿ ಬಣ್ಣಬಣ್ಣದ ಹೂವುಗಳು, ಆಕಾಶದಲ್ಲಿ ಬಣ್ಣಬಣ್ಣದ ಗಾಳಿಪಟಗಳು. ಈ ಪದ ಬಣ್ಣವಿದೆ ಎಂದು ಹೇಳಿ ಒಂದು ಬಣ್ಣವನ್ನೂ ತೋರಿಸದೆ ಮುಂದಕ್ಕೆ ಹೋಗಿಬಿಡುತ್ತದೆ. ಗೆರೆ ಎಳೆದ ಕಡೆ ಎರಡು ಬಣ್ಣಗಳನ್ನು ಮಾತ್ರ ಆರಿಸಿ ಬರೆಯಲು ಹೇಳಿ. ಬಳೆಯಂಗಡಿಯ ಮುಂದೆ ನಿಂತಾಗ ಮಗುವಿನ ಕಣ್ಣು ಮೊದಲು ಹೋದದ್ದು ಯಾವ ಬಳೆಯ ಮೇಲೆ, ಅಮ್ಮ ಕೊಡಿಸಿದ್ದು ಯಾವುದನ್ನು ಎಂದು ಕೇಳಿದರೆ ಸಾಕು, ಎರಡು ಬಣ್ಣಗಳ ಜೊತೆಗೆ ಒಂದು ಕಥೆಯೂ ಬರುತ್ತದೆ.

ಒಂದು ರೆಂಬೆಯ ಪಾಠ

ನೋಡುವ ಅಭ್ಯಾಸಕ್ಕೆ ಮಾವಿನ ಚಿಗುರಿಗಿಂತ ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ. ಇದನ್ನು ಕಲಿತದ್ದು ನನ್ನದೇ ತಪ್ಪಿನಿಂದ. ಒಮ್ಮೆ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು "ನಮ್ಮ ಮಾವಿನ ಮರದ ಎಲೆ ಕೆಂಪಗಿದೆ" ಎಂದು ಬರೆದಿದ್ದಳು. ನಾನು "ಕೆಂಪಗಿದೆ" ಎಂಬುದನ್ನು ಹೊಡೆದು ಮೇಲೆ "ಹಸಿರಾಗಿದೆ" ಎಂದು ತಿದ್ದಿ ಪುಸ್ತಕ ಹಿಂದಿರುಗಿಸಿದೆ. ಅದೇ ವಾರ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ತಲೆಯ ಮೇಲಿನ ಮಾವಿನ ಮರದ ತುದಿ ತುದಿಯೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿದ್ದು ಕಂಡಿತು. ಮರುದಿನ ಆ ಪುಸ್ತಕ ತರಿಸಿಕೊಂಡು ನನ್ನ ತಿದ್ದುಪಡಿಯನ್ನು ಅವಳ ಎದುರಿಗೇ ಹೊಡೆದುಹಾಕಿದೆ. ಆ ಹುಡುಗಿ ನೋಡಿ ಬರೆದಿದ್ದಳು, ನಾನು ನೋಡದೆ ತಿದ್ದಿದ್ದೆ. ಅಂದಿನಿಂದ ಮಗು ಬರೆದ ಬಣ್ಣವನ್ನು ತಿದ್ದುವ ಮುನ್ನ ಆ ವಸ್ತುವನ್ನು ಒಮ್ಮೆ ನೋಡಿ ಬರುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಉಳಿದ ಶಿಕ್ಷಕರಿಗೂ ಇದನ್ನೇ ಹೇಳುತ್ತೇನೆ.

ಚಿಗುರು ಬಿಟ್ಟಿರುವ ಒಂದು ಗೇಣುದ್ದದ ರೆಂಬೆಯನ್ನು ತಂದು ಮೇಜಿನ ಮೇಲಿಡಿ. ತುದಿಯ ಎಳೆಯ ಎಲೆಗಳು ಮೆತ್ತಗೆ ಜೋತುಬಿದ್ದಿರುತ್ತವೆ. ಅವುಗಳ ಬಣ್ಣ ಕೆಂಪಿಗೂ ಕಂದಿಗೂ ನಡುವಿನದು, ಉಜ್ಜಿದ ತಾಮ್ರದ ಚೊಂಬಿನ ಹಾಗೆ ಸ್ವಲ್ಪ ಮಿರುಗುತ್ತದೆ. ಅವುಗಳ ಕೆಳಗಿನ ಎಲೆಗಳಲ್ಲಿ ಆ ಕೆಂಪು ಇಳಿದು ಹಳದಿ ಬೆರೆತ ಎಳೆಹಸಿರು ಬಂದಿರುತ್ತದೆ. ಬುಡದ ಕಡೆಯ ಬಲಿತ ಎಲೆಗಳು ಕಡುಹಸಿರು, ಅವುಗಳ ಹಿಂಬದಿ ಮಾತ್ರ ಮಾಸಿದ ಹಸಿರು. ಎಲ್ಲೋ ಒಂದು ಹಣ್ಣೆಲೆ ಇದ್ದರೆ ಅದರ ಅಂಚು ಹಳದಿಗಟ್ಟಿ, ನಡುವೆ ಕಂದು ಚುಕ್ಕೆ ಬಿದ್ದಿರುತ್ತದೆ. ಹಸಿರು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದ ಮರದ ಒಂದೇ ರೆಂಬೆಯಲ್ಲಿ ಐದಾರು ಬಣ್ಣಗಳು ಸಿಕ್ಕವು. ಮೊದಲ ಐದು ನಿಮಿಷ ಮಕ್ಕಳು ಯಾವ ಬಣ್ಣದ ಹೆಸರನ್ನೂ ಹೇಳಬಾರದು, "ಇದು ಬೇರೆ ಯಾವುದರ ಹಾಗೆ ಕಾಣುತ್ತದೆ" ಎಂಬುದಕ್ಕೆ ಮಾತ್ರ ಉತ್ತರ ಹೇಳಬೇಕು ಎಂಬ ನಿಯಮ ಮಾಡಿ. ಬಣ್ಣದ ಹೆಸರು ಬೇಗ ಸಿಕ್ಕಿಬಿಟ್ಟರೆ ಮಗು ನೋಡುವುದನ್ನು ಅಲ್ಲಿಗೇ ನಿಲ್ಲಿಸುತ್ತದೆ.

ವಸ್ತುವಿನ ಹೆಸರಿನಿಂದ ಬಣ್ಣದ ಹೆಸರು

"ಯಾವುದರ ಹಾಗೆ" ಎಂಬ ಪ್ರಶ್ನೆಗೆ ಬರುವ ಉತ್ತರಗಳೇ ಕನ್ನಡದಲ್ಲಿ ಬಣ್ಣದ ಪದಗಳಾಗುತ್ತ ಬಂದಿವೆ. ಬೂದಿಯಿಂದ ಬೂದು ಬಂದಿತು. ನೇರಳೆ, ಕಿತ್ತಳೆ, ಗುಲಾಬಿ, ಕೇಸರಿ ಇವೆಲ್ಲ ಹಣ್ಣು ಹೂವುಗಳ ಹೆಸರುಗಳೇ. ಹಸಿರು ಎಂಬುದಕ್ಕೂ ಹಸಿ ಎಂಬುದಕ್ಕೂ ಒಂದೇ ಬೇರು. ಒಣಗದೆ, ಬೇಯದೆ ಹಸಿಯಾಗಿರುವುದರ ಬಣ್ಣ ಹಸಿರು. ಇದನ್ನು ಮಕ್ಕಳಿಗೆ ಹೇಳಿದರೆ, ಬಣ್ಣಕ್ಕೆ ಹೆಸರಿಡುವ ಅಧಿಕಾರ ತಮಗೂ ಇದೆ ಎಂಬ ಧೈರ್ಯ ಅವರಿಗೆ ಬರುತ್ತದೆ. ಗಿಳಿಹಸಿರು, ಪಾಚಿಹಸಿರು, ದಾಳಿಂಬೆ ಕೆಂಪು, ಇಟ್ಟಿಗೆ ಬಣ್ಣ, ಅರಿಶಿನದ ಬಣ್ಣ, ಕಾವಿ, ಈರುಳ್ಳಿ ಸಿಪ್ಪೆಯ ಬಣ್ಣ, ಬದನೆಕಾಯಿಯ ಬಣ್ಣ ಇವುಗಳಲ್ಲಿ ಯಾವುದಕ್ಕೂ ನಿಘಂಟು ತೆರೆಯಬೇಕಾಗಿಲ್ಲ, ಅಡುಗೆಮನೆ ಮತ್ತು ಹಿತ್ತಲನ್ನು ಒಮ್ಮೆ ಸುತ್ತಿ ಬಂದರೆ ಸಾಕು.

ಇನ್ನೊಂದು ದೊಡ್ಡ ಭಂಡಾರ ಮನೆಯ ಸೀರೆಯ ಬೀರು. ಸೀರೆ ಉಡುವವರ, ನೇಯುವವರ ಮಾತಿನಲ್ಲಿ ಬಣ್ಣಗಳಿಗೆ ಇರುವಷ್ಟು ಹೆಸರುಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಒಂದು ರಜೆಯ ದಿನ ಅಜ್ಜಿಯನ್ನೋ ಅಮ್ಮನನ್ನೋ ಕೂರಿಸಿ, ಒಂದೊಂದು ಸೀರೆಯನ್ನೂ ತೆಗೆದು ಅದರ ಬಣ್ಣಕ್ಕೆ ಅವರು ಏನೆನ್ನುತ್ತಾರೆ ಎಂದು ಮಗು ಬರೆದುಕೊಳ್ಳಲಿ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆ ಮನೆಯಲ್ಲಿದ್ದರೆ ಅದನ್ನು ಬಿಡಿಸಿ ತೋರಿಸಿ: ಒಡಲು ಯಾವ ಬಣ್ಣದ್ದಾದರೂ ಸಾಂಪ್ರದಾಯಿಕ ಟೋಪ್ ತೆನಿ ಸೆರಗು ಕೆಂಪು, ಆ ಕೆಂಪಿನ ಮೇಲಿನ ವಿನ್ಯಾಸ ಬಿಳಿ. "ಅಜ್ಜಿ ಕಪ್ಪು ಸೀರೆ ಉಟ್ಟಿದ್ದರು" ಎಂಬ ವಾಕ್ಯಕ್ಕೂ "ಅಜ್ಜಿ ತಲೆ ತುಂಬ ಹೊದ್ದ ಕೆಂಪು ಸೆರಗಿನ ಬಿಳಿಯ ಸಾಲುಗಳು ಮಾತ್ರ ದೂರದಿಂದ ಕಾಣುತ್ತಿದ್ದವು" ಎಂಬ ವಾಕ್ಯಕ್ಕೂ ಇರುವ ಅಂತರ ಮಗುವಿಗೆ ಯಾರೂ ವಿವರಿಸದೆಯೇ ತಿಳಿಯುತ್ತದೆ.

ಊರಿನ ಮಾತನ್ನು ಇಲ್ಲಿ ತಿದ್ದಬಾರದು. ಮೈಸೂರಿನ ಮಗುವಿಗೆ ಕನಕಾಂಬರವಾದದ್ದು ಕರಾವಳಿಯ ಮಗುವಿಗೆ ಅಬ್ಬಲಿಗೆ. ಅಬ್ಬಲಿಗೆಯ ಬಣ್ಣ ಎಂದು ಅದು ಬರೆದರೆ ಅದೇ ಸರಿ. ಮಣ್ಣಿನ ವಿಷಯವೂ ಹಾಗೆಯೇ. ಗದಗದ ಕಡೆಯ ಮಗು ಎರೆಮಣ್ಣಿನ ಕಪ್ಪನ್ನು ಬಲ್ಲದು, ಕೋಲಾರದ ಮಗು ಕೆಮ್ಮಣ್ಣನ್ನು ಬಲ್ಲದು, ಕರಾವಳಿಯ ಮಗು ಹೊಸದಾಗಿ ಕಡಿದ ಮುರಕಲ್ಲಿನ ಬಣ್ಣವನ್ನು ಬಲ್ಲದು. ಮೂವರೂ "ಮಣ್ಣು ಕಂದು ಬಣ್ಣದ್ದು" ಎಂದು ಬರೆದರೆ ಮೂರು ಊರುಗಳೂ ಅಳಿಸಿಹೋದಂತೆ. ಹೊರದೇಶದಲ್ಲಿ ಬೆಳೆಯುತ್ತ ಮನೆಯಲ್ಲಿ ಕನ್ನಡ ಬರೆಯಲು ಕಲಿಯುತ್ತಿರುವ ಮಕ್ಕಳಿಂದ ಎರೆಮಣ್ಣನ್ನೋ ಮುತ್ತುಗದ ಹೂವನ್ನೋ ಬರೆಸುವ ಅಗತ್ಯವಿಲ್ಲ. ಅವರ ರಸ್ತೆಯ ಬದಿಯಲ್ಲಿ ಕೊಳೆ ಬೆರೆತು ಬೂದುಗಟ್ಟಿ ಕುಳಿತ ಹಿಮವನ್ನು ಅವರು ಕನ್ನಡದಲ್ಲಿ ಬರೆಯಲಿ. ಅದು ಅವರು ದಿನವೂ ನೋಡುವ ಬಣ್ಣ.

ಸವೆದ ಹೋಲಿಕೆಗಳ ಬಗ್ಗೆ ಮಾತ್ರ ಎಚ್ಚರ ಬೇಕು. "ಹಾಲಿನಂತೆ ಬಿಳಿ" ಎಂದು ಬರೆದ ಮಗುವಿಗೆ ಯಾವ ಹಾಲು ಎಂದು ಕೇಳಿ. ಹಸುವಿನ ಹಾಲಿನಲ್ಲಿ ನಸುಹಳದಿ ಇರುತ್ತದೆ, ಎಮ್ಮೆಯ ಹಾಲು ಅದಕ್ಕಿಂತ ಬಿಳಿ. ಬೆಣ್ಣೆಯಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಎರಡು ಲೋಟಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಸುಣ್ಣದ ಬಿಳಿ, ಹತ್ತಿಯ ಬಿಳಿ, ಮಲ್ಲಿಗೆ ಮೊಗ್ಗಿನ ಬಿಳಿ, ತೆಂಗಿನ ತಿರುಳಿನ ಬಿಳಿ, ತೊಳೆದು ತೊಳೆದು ಮಾಸಿದ ಪಂಚೆಯ ಬಿಳಿ ಇವೆಲ್ಲ ಬೇರೆ ಬೇರೆ ಎಂಬುದನ್ನು ಮಕ್ಕಳು ತಾವಾಗಿಯೇ ಹೇಳತೊಡಗುತ್ತಾರೆ.

ಪದಕ್ಕೆ ಪದ ಜೋಡಿಸುವುದು

ಪ್ರೌಢಶಾಲೆಗೆ ಹೋದ ಮೇಲೆ ಮಕ್ಕಳು ಕರ್ಮಧಾರಯ ಸಮಾಸ ಕಲಿಯುತ್ತಾರೆ. ಕೆಂಪಾದ ತಾವರೆ ಕೆಂದಾವರೆ, ಕೆಂಪಾದ ತುಟಿ ಕೆಂದುಟಿ, ಕೆಂಪಾದ ಕಣ್ಣು ಕೆಂಗಣ್ಣು ಎಂದು ಬಿಡಿಸಿ ಬರೆದು ಅಂಕ ಗಳಿಸುತ್ತಾರೆ. ಅದೇ ಮಕ್ಕಳು ಅದೇ ವಾರ ಬರೆದ ಪ್ರಬಂಧದಲ್ಲಿ ಇಂಥ ಒಂದು ಪದವೂ ಇರುವುದಿಲ್ಲ. ವ್ಯಾಕರಣದ ಪುಸ್ತಕ ಒಂದು ಚೀಲದಲ್ಲಿ, ಬರವಣಿಗೆ ಇನ್ನೊಂದು ಚೀಲದಲ್ಲಿ ಉಳಿದುಬಿಡುವುದು ನನಗೆ ಬಹಳ ಬೇಸರ ತರುವ ಸಂಗತಿ, ಏಕೆಂದರೆ ಬಣ್ಣವನ್ನು ಚಿಕ್ಕದಾಗಿ, ಗಟ್ಟಿಯಾಗಿ ಹೇಳುವ ಶಕ್ತಿ ಕನ್ನಡದಲ್ಲಿ ಇರುವುದೇ ಈ ಜೋಡಣೆಯಲ್ಲಿ. ಸಮಾಸ ಎಂಬ ಹೆಸರನ್ನು ಹೇಳದೆಯೇ ನಾಲ್ಕನೆಯ ತರಗತಿಯವರಿಗೂ ಇದನ್ನು ಆಟವಾಗಿ ಕಲಿಸಬಹುದು.

ಆಟಕ್ಕೆ ಎರಡು ಬಗೆಯ ಚೀಟಿಗಳು ಬೇಕು. ಒಂದು ಬಗೆಯವು ಬಣ್ಣದ ಅಳತೆಯನ್ನು ಹೇಳುವ ಮಾತುಗಳು: ನಸು, ತಿಳಿ, ಎಳೆ, ಕಡು, ಅಚ್ಚ. ಇವನ್ನು ಬಣ್ಣದ ಹಿಂದೆ ಇಟ್ಟರೆ ನಸುಗೆಂಪು, ತಿಳಿನೀಲಿ, ಎಳೆಹಸಿರು, ಕಡುಗೆಂಪು, ಅಚ್ಚಬಿಳಿ ಸಿಗುತ್ತವೆ. ಹಸಿರಿಗೆ ಮಾತ್ರ ಹಚ್ಚಹಸಿರು ಎಂಬ ತನ್ನದೇ ಜೋಡಿ ಇದೆ. ನಸು ಮತ್ತು ಕೆಂಪು ಸೇರಿದಾಗ ಕಕಾರ ಗಕಾರವಾಗುವುದನ್ನು ಮಕ್ಕಳು ಕಿವಿಯಿಂದಲೇ ಹಿಡಿಯುತ್ತಾರೆ, ಸೂತ್ರ ಬೇಕಾಗುವುದಿಲ್ಲ. ಇನ್ನೊಂದು ಬಗೆಯವು ವಸ್ತುವಿಗೆ ಅಂಟಿಕೊಳ್ಳುವ ಚಿಕ್ಕ ರೂಪಗಳು: ಕೆಂಪಿಗೆ ಕೆಂ, ಕಪ್ಪಿಗೆ ಕಾರ್, ಬಿಳಿಗೆ ಬೆಳ್, ಚಿನ್ನದ ಬಣ್ಣಕ್ಕೆ ಹೊಂ. ಕಾರ್ಮೋಡ, ಕಾರಿರುಳು, ಬೆಳ್ಮುಗಿಲು, ಬೆಳದಿಂಗಳು, ಹೊಂಬಿಸಿಲು, ಹೊಂಗಿರಣ, ಕೆಂಧೂಳಿ ಇವು ಈಗಾಗಲೇ ಬಳಕೆಯಲ್ಲಿರುವವು. ಇವನ್ನು ಹತ್ತು ನಿಮಿಷ ಆಡಿದ ಮೇಲೆ ಮಕ್ಕಳೇ ಹೊಸದನ್ನು ಕಟ್ಟಲಿ. ಮಣ್ಣಿನ ಹಾದಿಗೆ ಕೆಂದಾರಿ, ಮಾಗಿದ ಭತ್ತದ ಗದ್ದೆಗೆ ಹೊಂಗದ್ದೆ ಎಂದು ಒಂದು ಮಗು ಹೇಳಿದರೆ ಅದು ನಿಘಂಟಿನಲ್ಲಿದೆಯೇ ಎಂದು ಹುಡುಕುತ್ತ ಕೂರಬೇಡಿ. ಕೇಳಿದವರ ಕಣ್ಣಿಗೆ ಹಾದಿಯೂ ಗದ್ದೆಯೂ ಕಂಡವು, ಅಷ್ಟು ಸಾಕು. ಆದರೆ ಇಂಥ ಪದ ಒಂದು ಪುಟದಲ್ಲಿ ಒಂದೆರಡಕ್ಕಿಂತ ಹೆಚ್ಚಾದರೆ ಮಗುವಿನ ದನಿ ಮರೆಯಾಗಿ ಹಳೆಯ ಕಾವ್ಯದ ಅನುಕರಣೆ ಕೇಳಿಸತೊಡಗುತ್ತದೆ ಎಂಬುದನ್ನೂ ಅವರಿಗೆ ಹೇಳಬೇಕು.

ಬಣ್ಣ ಬದಲಾಗುವುದನ್ನು ಬರೆಯುವುದು

ಈ ಭಾಗ ಎಲ್ಲಕ್ಕಿಂತ ಮುಖ್ಯ ಎಂದು ನನ್ನ ಅಭಿಪ್ರಾಯ. ಮಕ್ಕಳು ಬಣ್ಣವನ್ನು ಯಾವಾಗಲೂ ವಿಶೇಷಣವಾಗಿ ಬಳಸುತ್ತಾರೆ, ವಸ್ತುವಿನ ಮೇಲೆ ಅಂಟಿಸಿದ ಚೀಟಿಯ ಹಾಗೆ. ಆದರೆ ಕನ್ನಡದಲ್ಲಿ ಬಣ್ಣ ಕ್ರಿಯಾಪದವೂ ಹೌದು. ಮುಗಿಲು ಕೆಂಪೇರುತ್ತದೆ, ಬಾನು ಕಪ್ಪುಗಟ್ಟುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಕೂದಲು ನರೆಯುತ್ತದೆ, ಬಟ್ಟೆ ಮಾಸುತ್ತದೆ, ಬಿಸಿಲಿಗೆ ಎಲೆ ಕಂದುತ್ತದೆ. ಕಂದು ಎಂಬ ಬಣ್ಣದ ಹೆಸರನ್ನೇ ಕ್ರಿಯಾಪದವಾಗಿಯೂ ಬಳಸುತ್ತೇವೆ ಎಂಬುದನ್ನು ಮಕ್ಕಳು ತಾವಾಗಿ ಗಮನಿಸಿರುವುದಿಲ್ಲ. ಹೇಳಿದಾಗ ಅವರ ಮುಖ ಅರಳುತ್ತದೆ. ಅಡುಗೆಮನೆಯಲ್ಲಂತೂ ಬಣ್ಣವೇ ಗಡಿಯಾರ. ಈರುಳ್ಳಿ ಕೆಂಪಗಾಗುವ ತನಕ ಹುರಿ ಎಂದು ಹೇಳುತ್ತೇವೆಯೇ ಹೊರತು ಇಷ್ಟು ನಿಮಿಷ ಹುರಿ ಎಂದು ಹೇಳುವುದು ಕಡಿಮೆ.

ಇದಕ್ಕೆ ಒಂದು ಪ್ರಯೋಗವನ್ನು ತಪ್ಪದೆ ಮಾಡಿಸಿ. ಬಿಳಿಯ ಬಟ್ಟಲಿನಲ್ಲಿ ಅರ್ಧದಷ್ಟು ನೀರು ಹಾಕಿ, ಅದಕ್ಕೆ ಒಂದು ಚಿಟಿಕೆ ಅರಿಶಿನ ಬೆರೆಸಿ. ನೀರು ಹಳದಿಯಾಗುತ್ತದೆ. ಅನಂತರ ವೀಳ್ಯದೆಲೆಗೆ ಹಚ್ಚುವ ಸುಣ್ಣವನ್ನು ಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಆ ನೀರಿಗೆ ಮುಟ್ಟಿಸಿ. ಸುಣ್ಣವನ್ನು ದೊಡ್ಡವರೇ ಮುಟ್ಟಬೇಕು, ಮಕ್ಕಳ ಕಣ್ಣಿಗೆ ತಾಗಬಾರದು. ಕಡ್ಡಿ ತಾಗಿದ ಕಡೆ ಕೆಂಪು ಎಳೆಯೊಂದು ಹೊರಟು ಸುರುಳಿಯಾಗಿ ಹರಡಿ, ಕಲಕಿದ ಕೂಡಲೇ ಇಡೀ ಬಟ್ಟಲು ಕುಂಕುಮದ ನೀರಿನಂತಾಗುತ್ತದೆ. ಶುಭಕಾರ್ಯಗಳಲ್ಲಿ ಆರತಿ ಎತ್ತುವ ಓಕುಳಿ ನೀರು ಆಗುವುದು ಹೀಗೆಯೇ. ಅರಿಶಿನದಲ್ಲಿರುವ ಬಣ್ಣದ ಅಂಶ ಕ್ಷಾರ ತಾಗಿದಾಗ ಕೆಂಪಾಗುತ್ತದೆ. ಈಗ ಅದಕ್ಕೆ ನಿಂಬೆಹಣ್ಣು ಹಿಂಡಿದರೆ ಹಳದಿ ಮತ್ತೆ ಹಿಂದಿರುಗುತ್ತದೆ. ನೋಡಿದ ತಕ್ಷಣ ನಾಲ್ಕು ವಾಕ್ಯ ಬರೆಯಲು ಹೇಳಿ, ಆದರೆ "ಆಯಿತು" ಎಂಬ ಪದ ಒಂದೇ ಬಾರಿ ಬರಬೇಕು ಎಂಬ ಕಟ್ಟಳೆ ಹಾಕಿ. ಹಳದಿ ಹಿಂದೆ ಸರಿಯಿತು, ಕೆಂಪು ಹಬ್ಬಿತು, ಬಟ್ಟಲಿನ ಅಂಚಿನಲ್ಲಿ ಇನ್ನೂ ಸ್ವಲ್ಪ ಹಳದಿ ಉಳಿದಿತ್ತು ಎಂಬಂಥ ವಾಕ್ಯಗಳು ಬರತೊಡಗಿದಾಗ ಆ ಮಗುವಿನ ಬರವಣಿಗೆ ಒಂದು ಮೆಟ್ಟಿಲು ಹತ್ತಿದೆ ಎಂದು ತಿಳಿಯಬಹುದು.

ಭಾವನೆಗಳನ್ನು ಬರೆಯುವಾಗಲೂ ಈ ಕ್ರಿಯಾಪದಗಳು ನೆರವಾಗುತ್ತವೆ. "ಅಪ್ಪನಿಗೆ ಬೇಸರವಾಯಿತು" ಎಂಬುದನ್ನು "ಅಪ್ಪನ ಮುಖ ಕಪ್ಪಿಟ್ಟಿತು" ಎಂದೂ "ತಮ್ಮನಿಗೆ ಹೆದರಿಕೆಯಾಯಿತು" ಎಂಬುದನ್ನು "ತಮ್ಮ ಬಿಳಿಚಿಕೊಂಡ" ಎಂದೂ ಬದಲಿಸಿ ಓದಿಸಿ.

ಎಷ್ಟು ಬಣ್ಣ, ಎಲ್ಲಿ ಬಣ್ಣ

ಇಷ್ಟನ್ನು ಕಲಿತ ಮಕ್ಕಳು ಸ್ವಲ್ಪ ದಿನ ಎಲ್ಲಕ್ಕೂ ಬಣ್ಣ ಹಚ್ಚುತ್ತಾರೆ. "ಕೆಂಪು ಅಂಗಿ ತೊಟ್ಟ ಹುಡುಗ ನೀಲಿ ಬಸ್ಸಿನಿಂದ ಇಳಿದು ಹಸಿರು ಗೇಟು ತೆರೆದು ಬಿಳಿ ಮನೆಯೊಳಗೆ ಹೋದ" ಎಂಬ ವಾಕ್ಯದಲ್ಲಿ ನಾಲ್ಕು ಬಣ್ಣಗಳಿದ್ದರೂ ಓದಿದವರಿಗೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ: "ಬಸ್ಸಿನಿಂದ ಇಳಿದ ಹುಡುಗ ಗೇಟು ತೆರೆದು ಮನೆಯೊಳಗೆ ಹೋದ. ಅವನ ಬಿಳಿಯ ಸಮವಸ್ತ್ರದ ಬೆನ್ನಿನ ಮೇಲೆ ಅಂಗೈಯಗಲ ನೀಲಿ ಶಾಯಿ ಇತ್ತು." ಇಲ್ಲಿ ಬಿಳಿ ಇರುವುದು ನೀಲಿ ಎದ್ದು ಕಾಣಲೆಂದು, ನೀಲಿ ಇರುವುದು ಶಾಲೆಯಲ್ಲಿ ಏನೋ ನಡೆದಿದೆ ಎಂದು ತಿಳಿಯಲೆಂದು. ಕಥೆಯನ್ನು ಮುಂದಕ್ಕೆ ತಳ್ಳುವ ಬಣ್ಣ ಯಾವುದು ಎಂದು ಮಗುವನ್ನು ಕೇಳಿ, ಉಳಿದವನ್ನು ತೆಗೆಯಿಸಿ. ಒಂದು ಪರಿಚ್ಛೇದಕ್ಕೆ ಒಂದೆರಡು ಬಣ್ಣ ಸಾಮಾನ್ಯವಾಗಿ ಸಾಕಾಗುತ್ತದೆ.

ಇನ್ನೆರಡು ವಿಷಯಗಳಲ್ಲಿ ದೊಡ್ಡವರು ಎಚ್ಚರವಾಗಿರಬೇಕು. ಮಕ್ಕಳ ಕಥೆಗಳಲ್ಲಿ ಒಳ್ಳೆಯವರೆಲ್ಲ ಬೆಳ್ಳಗೆ, ಕೆಟ್ಟವರೆಲ್ಲ ಕರ್ರಗೆ ಇರುವುದು ತೀರ ಸಾಮಾನ್ಯ. ಇದನ್ನು ಸುಮ್ಮನೆ ಬಿಡಬಾರದು. ತರಗತಿಯಲ್ಲಿ ಎಣ್ಣೆಗಪ್ಪು ಮೈಬಣ್ಣದ ಮಗು ಕುಳಿತು ಆ ಕಥೆಯನ್ನು ಕೇಳುತ್ತಿರುತ್ತದೆ. ಗದರಿಸುವ ಬದಲು, ಕಪ್ಪಾಗಿದ್ದು ಪ್ರಿಯವಾದ ವಸ್ತುಗಳನ್ನು ನೆನೆಯಲು ಹೇಳಿ: ಮಳೆ ತರುವ ಕಾರ್ಮೋಡ, ಜೋಳ ಬೆಳೆಯುವ ಎರೆಹೊಲ, ಕರಿ ಎಳ್ಳು, ಚಳಿಗೆ ಹೊದೆಯುವ ಕರಿಕಂಬಳಿ, ಅಮ್ಮನ ಕೊರಳಿನ ಕರಿಮಣಿ, ನೇರಳೆ ಹಣ್ಣು ತಿಂದ ಮೇಲೆ ಕಪ್ಪಾದ ನಾಲಿಗೆ. ಅನಂತರ ಆ ಕಥೆಯ ನಾಯಕಿಯ ಮೈಬಣ್ಣವನ್ನು ಮತ್ತೊಮ್ಮೆ ಬರೆಯಲಿ. ಎರಡನೆಯದು, ಕೆಲವು ಮಕ್ಕಳಿಗೆ, ಅದರಲ್ಲೂ ಹೆಚ್ಚಾಗಿ ಗಂಡುಮಕ್ಕಳಿಗೆ, ಕೆಂಪು ಮತ್ತು ಹಸಿರಿನ ನಡುವಿನ ವ್ಯತ್ಯಾಸ ಹುಟ್ಟಿನಿಂದಲೇ ಸರಿಯಾಗಿ ಕಾಣುವುದಿಲ್ಲ. ಒಂದು ಮಗು ಪದೇ ಪದೇ ಈ ಎರಡನ್ನು ಅದಲುಬದಲು ಮಾಡುತ್ತಿದ್ದರೆ ಅಸಡ್ಡೆ ಎಂದು ಬೈಯದೆ, ಮನೆಯವರಿಗೆ ತಿಳಿಸಿ ಕಣ್ಣಿನ ವೈದ್ಯರಲ್ಲಿಗೆ ಕಳುಹಿಸಬೇಕು. ಅಂಥ ಮಗು ಹೊಳಪು, ಮಸುಕು, ನೆರಳು, ಮಿರುಗು ಇವುಗಳನ್ನು ಬರೆಯಲಿ. ಅವೂ ಕಣ್ಣಿನ ಮಾತುಗಳೇ.

ಕೊನೆಗೆ ತಿದ್ದುವ ಕ್ರಮ. ಸಾದಾ ಬಣ್ಣದ ಪದವನ್ನು ಹೊಡೆದು ನಿಮ್ಮ ಚೆಂದದ ಪದವನ್ನು ಅದರ ಮೇಲೆ ಬರೆಯಬೇಡಿ. ಹಾಗೆ ಬರೆದದ್ದು ನಿಮ್ಮ ಬರಹವಾಗುತ್ತದೆಯೇ ಹೊರತು ಮಗುವಿನದಾಗುವುದಿಲ್ಲ. ಪೆನ್ಸಿಲಿನಿಂದ ಅಂಚಿನಲ್ಲಿ "ಯಾವ ಕೆಂಪು?" ಎಂದು ಮಾತ್ರ ಕೇಳಿ, ಕೆಳಗೆ ಎರಡು ಸಾಲು ಖಾಲಿ ಬಿಟ್ಟು, ಪುಸ್ತಕವನ್ನು ಹಿಂದಿರುಗಿಸಿ. ಉತ್ತರ ಬರೆಯಲು ಒಂದು ದಿನ ಕೊಡಿ, ಏಕೆಂದರೆ ಮಗು ಹೋಗಿ ಆ ವಸ್ತುವನ್ನು ಇನ್ನೊಮ್ಮೆ ನೋಡಿ ಬರಬೇಕಾಗುತ್ತದೆ.